ಎಚ್‌ಐವಿ: ಔಷಧಿ ಬಂದಿದೆ, ಅಂಜಿಕೆ ಹೋಗಿಲ್ಲ

ಶಿವಮೊಗ್ಗ: ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಕಾಲೇಜಿನ ವಿದ್ಯಾರ್ಥಿಗಳು, ಕಚೇರಿ ನೌಕರರು, ಸಂತೆಗೆ ಹೊರಟವರು ನಿತ್ಯ ಓಡಾಡುವ ದಾರಿ ಇದು. ಇದೇ ದಾರಿಯಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಮನೆಯಲ್ಲಿ ಬೇರೇನೋ ಕೆಲಸದ ನೆಪ ಹೇಳಿ ಬಸ್ಸು ಹತ್ತುವವರೂ ಇದ್ದಾರೆ. ಅವರು ಇಳಿಯುವುದು ಮೆಗ್ಗಾನ್ ಆಸ್ಪತ್ರೆಯ ಬಳಿ. ಅಲ್ಲಿನ ಎಆರ್‌ಟಿ ಕೇಂದ್ರದಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತವಾಗಿ ನೀಡುವ ಮಾತ್ರೆಗಳ ಡಬ್ಬಿ ಪಡೆದು, ಅದರ ಮೇಲಿನ ಚೀಟಿ ಕಿತ್ತು, ಮಾತ್ರೆಗಳು ಗಲಗಲ ಸದ್ದು ಮಾಡದಂತೆ ಹತ್ತಿ ತುರುಕಿ, ಬಟ್ಟೆಯ ಚೀಲದ ತಳದಲ್ಲಿಟ್ಟು ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ.

ವಿಚಿತ್ರವೆಂದರೆ, ಶಿವಮೊಗ್ಗ ನಗರದಲ್ಲಿಯೇ ಇರುವ ಕೆಲವರು ಈ ಕೇಂದ್ರಕ್ಕೆ ಬಾರದೆ ದಾವಣಗೆರೆಗೋ ಮಂಗಳೂರಿಗೋ ಹೋಗುವುದುಂಟು. ಕಾರಣ ಒಂದೇ. ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಮನೆಯವರು ಕಂಡಾರೆಂಬ ಭಯ. ದೇಶದ ಎಲ್ಲ ಮಧ್ಯಮ ಗಾತ್ರದ ಊರುಗಳಲ್ಲಿಯೂ ಇದೇ ಕಥೆ ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಆಪ್ತಸಮಾಲೋಚಕರು ಹೇಳುತ್ತ ಬಂದಿದ್ದಾರೆ. ರೋಗಿಗಳಿಗೆ ಪ್ರಯಾಣದ ಹೊರೆ ತಪ್ಪಲಿ ಎಂದು ತಾಲ್ಲೂಕು ಮಟ್ಟದಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳನ್ನು ತೆರೆಯುವ ಪದ್ಧತಿ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಚಿಕಿತ್ಸೆ ಮನೆಯ ಹತ್ತಿರ ಬಂದಷ್ಟೂ ಗುಟ್ಟು ರಟ್ಟಾಗುವ ಅಂಜಿಕೆಯೂ ಹತ್ತಿರ ಬರುತ್ತದೆ ಎಂಬುದನ್ನು ಯೋಜನೆ ರೂಪಿಸಿದವರು ಎಷ್ಟರಮಟ್ಟಿಗೆ ಯೋಚಿಸಿದ್ದರೋ ತಿಳಿಯದು.

ವೈದ್ಯಕೀಯವಾಗಿ ನೋಡಿದರೆ ಎಚ್‌ಐವಿಯ ಕಥೆ ಕಳೆದ ಎರಡು ದಶಕಗಳಲ್ಲಿ ಪೂರ್ತಿ ಬದಲಾಗಿದೆ. ಸಾಮಾಜಿಕವಾಗಿ ಅದು ಹೆಚ್ಚೇನೂ ಬದಲಾಗಿಲ್ಲ. ಈ ಎರಡರ ನಡುವಿನ ಅಂತರದಲ್ಲಿಯೇ ಇಂದು ಹೊಸ ಸೋಂಕುಗಳು ಹುಟ್ಟುತ್ತಿವೆ ಎಂಬುದು ಗಮನಿಸಬೇಕಾದ ಸಂಗತಿ.

ಅಂಕಿ ಅಂಶಗಳ ಹಿಂದೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳಲ್ಲಿ ವೈರಾಣುವನ್ನು ಗುರುತಿಸಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸ್ಥಾಪನೆಯಾಯಿತು. ಆ ದಶಕದ ಕೊನೆಯ ಹೊತ್ತಿಗೆ ಕರ್ನಾಟಕ ರಾಜ್ಯ ಏಡ್ಸ್ ತಡೆಗಟ್ಟುವ ಸಂಸ್ಥೆಯೂ ಅಸ್ತಿತ್ವಕ್ಕೆ ಬಂದಿತು. 2000ದ ದಶಕದ ಆರಂಭದಲ್ಲಿ ಕರ್ನಾಟಕ ದೇಶದ ಆರು ಅಧಿಕ ಸೋಂಕಿನ ರಾಜ್ಯಗಳ ಪೈಕಿ ಒಂದಾಗಿತ್ತು. ತಮಿಳುನಾಡು, ಆಂಧ್ರಪ್ರದೇಶ, ಮಹಾರಾಷ್ಟ್ರ, ಮಣಿಪುರ ಮತ್ತು ನಾಗಾಲ್ಯಾಂಡ್ ಉಳಿದ ಐದು. ಪ್ರಸವಪೂರ್ವ ತಪಾಸಣೆಗೆ ಬರುವ ಗರ್ಭಿಣಿಯರಲ್ಲಿ ಶೇ. 1ಕ್ಕಿಂತ ಹೆಚ್ಚು ಮಂದಿಗೆ ಸೋಂಕು ಕಂಡುಬಂದರೆ ಅದು ಅಧಿಕ ಸೋಂಕಿನ ರಾಜ್ಯ ಎನ್ನುವುದು ಆಗಿನ ಅಳತೆಗೋಲು. ಗರ್ಭಿಣಿಯರು ಸಮಾಜದ ಸಾಮಾನ್ಯ ಕುಟುಂಬಗಳ ಪ್ರತಿನಿಧಿಗಳು. ಅವರಲ್ಲಿ ನೂರಕ್ಕೊಬ್ಬರಿಗೆ ಸೋಂಕು ಎಂದರೆ ವೈರಾಣು ಹೆದ್ದಾರಿಯ ಢಾಬಾದಿಂದ ನಡುಮನೆಗೆ ಬಂದು ಕುಳಿತಿದೆ ಎಂದೇ ಅರ್ಥವಾಗಿತ್ತು.

ಇಂದಿನ ಚಿತ್ರ ಅಷ್ಟು ಕರಾಳವಲ್ಲ. ನ್ಯಾಕೋದ 2021ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 0.46. ರಾಷ್ಟ್ರೀಯ ಸರಾಸರಿ ಶೇ. 0.21. ಅಂದರೆ ಇಳಿಕೆಯ ನಂತರವೂ ನಮ್ಮ ರಾಜ್ಯ ದೇಶದ ಸರಾಸರಿಯ ಎರಡು ಪಟ್ಟಿನಲ್ಲಿದೆ. ರಾಜ್ಯದಲ್ಲಿ 2.7 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದು, ಸಂಖ್ಯೆಯ ದೃಷ್ಟಿಯಿಂದ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು. 2011ರ ಜನಗಣತಿಯಲ್ಲಿ ಭದ್ರಾವತಿ ಪಟ್ಟಣದ ಜನಸಂಖ್ಯೆ ಒಂದೂವರೆ ಲಕ್ಷದಷ್ಟಿತ್ತು. ಹೆಚ್ಚುಕಡಿಮೆ ಎರಡು ಭದ್ರಾವತಿಗಳಷ್ಟು ಜನ ಎಂದರೆ ಓದುಗರಿಗೆ ಪ್ರಮಾಣದ ಅರಿವಾದೀತು.

2023ರ ಅಂದಾಜಿನಲ್ಲಿ ದೇಶದ ಒಟ್ಟು ಸೋಂಕಿತರು 25 ಲಕ್ಷ ದಾಟಿದ್ದಾರೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಹಿಂದೆ ಸಾಯುತ್ತಿದ್ದವರು ಈಗ ಬದುಕುತ್ತಿರುವುದರಿಂದಲೇ ಒಟ್ಟು ಸಂಖ್ಯೆ ಕುಗ್ಗುತ್ತಿಲ್ಲ. 2010ಕ್ಕೆ ಹೋಲಿಸಿದರೆ ಏಡ್ಸ್ ಸಂಬಂಧಿ ಸಾವುಗಳು ಸುಮಾರು ಶೇ. 79ರಷ್ಟು ತಗ್ಗಿವೆ. ಆದರೆ ಹೊಸ ಸೋಂಕುಗಳು ತಗ್ಗಿರುವುದು ಸುಮಾರು ಶೇ. 44 ಮಾತ್ರ. ಸಾವನ್ನು ತಡೆಯುವಲ್ಲಿ ಕಂಡ ಯಶಸ್ಸು ಸೋಂಕನ್ನು ತಡೆಯುವಲ್ಲಿ ಕಾಣುತ್ತಿಲ್ಲ. ವಿಶ್ಲೇಷಣೆಗೆ ಅರ್ಹವಾದ ಅಂಶವಿರುವುದು ಇಲ್ಲಿಯೇ.

ಐದು ಜಿಲ್ಲೆಗಳಲ್ಲಿ ಒಂದು

ಶಿವಮೊಗ್ಗಕ್ಕೂ ರಾಜ್ಯದ ಎಚ್‌ಐವಿ ತಡೆ ಇತಿಹಾಸಕ್ಕೂ ನೇರ ಸಂಬಂಧವಿದೆ ಎಂಬುದು ಇಲ್ಲಿಯ ಬಹುತೇಕರಿಗೆ ಗೊತ್ತಿಲ್ಲ. 2003ರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ 'ಆವಾಹನ್' ಎಂಬ ಯೋಜನೆಯನ್ನು ಭಾರತದ ಆರು ರಾಜ್ಯಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದರ ಅನುಷ್ಠಾನದ ಹೊಣೆ ಹೊತ್ತದ್ದು ಕರ್ನಾಟಕ ಆರೋಗ್ಯ ಸಂವರ್ಧನಾ ಪ್ರತಿಷ್ಠಾನ, ಅಂದರೆ ಕೆಎಚ್‌ಪಿಟಿ. ಯೋಜನೆಯ ಪರಿಣಾಮವನ್ನು ಅಳೆಯಲು ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ನಡುವೆ ರಕ್ತಪರೀಕ್ಷೆ ಸಹಿತ ಸಮೀಕ್ಷೆ ನಡೆಸಲು ರಾಜ್ಯದ ಐದು ಜಿಲ್ಲೆಗಳನ್ನು ಆರಿಸಿಕೊಳ್ಳಲಾಯಿತು. ಬೆಳಗಾವಿ, ಬಳ್ಳಾರಿ, ಬೆಂಗಳೂರು, ಮೈಸೂರು ಮತ್ತು ಐದನೆಯದು ಶಿವಮೊಗ್ಗ.

2004ರಿಂದ 2006ರ ನಡುವಿನ ಮೊದಲ ಸುತ್ತಿನಲ್ಲಿ ಬೆಳಗಾವಿಯಲ್ಲಿ ಶೇ. 33.9, ಮೈಸೂರಿನಲ್ಲಿ ಶೇ. 26.1, ಬಳ್ಳಾರಿಯಲ್ಲಿ ಶೇ. 15.7, ಬೆಂಗಳೂರಿನಲ್ಲಿ ಶೇ. 12.7 ಮಂದಿಗೆ ಸೋಂಕು ಕಂಡುಬಂದಿತು. ಶಿವಮೊಗ್ಗದಲ್ಲಿ ಶೇ. 9.7. ಐದರಲ್ಲಿ ಅತ್ಯಂತ ಕಡಿಮೆ ನಮ್ಮದೇ ಎಂದು ಸಮಾಧಾನ ಪಡಬಹುದು. ಆದರೆ ಹತ್ತರಲ್ಲೊಬ್ಬರು ಎಂಬುದು ಸಮಾಧಾನದ ಸಂಖ್ಯೆಯಲ್ಲ.

ಮುಂದಿನ ಸುತ್ತಿನ ಹೊತ್ತಿಗೆ, ಅಂದರೆ 2009ರೊಳಗೆ, ಐದೂ ಜಿಲ್ಲೆಗಳನ್ನು ಒಟ್ಟಾಗಿ ನೋಡಿದಾಗ ಸೋಂಕಿನ ಪ್ರಮಾಣ ಶೇ. 19.6ರಿಂದ ಶೇ. 16.4ಕ್ಕೆ ಇಳಿದಿತ್ತು. ಸಿಫಿಲಿಸ್ ಶೇ. 5.9ರಿಂದ ಶೇ. 3.4ಕ್ಕೆ ಇಳಿಯಿತು. ಕಾಂಡೋಮ್ ಬಳಕೆ ಗಣನೀಯವಾಗಿ ಏರಿತು. ಈ ಇಳಿಕೆಯನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಎಚ್‌ಐವಿ ಒಮ್ಮೆ ಬಂದರೆ ಹೋಗುವ ಸೋಂಕಲ್ಲ. ಹಳೆಯ ಸೋಂಕಿತರು ಲೆಕ್ಕದಲ್ಲಿ ಉಳಿದೇ ಇರುತ್ತಾರೆ. ಆದ್ದರಿಂದ ಸಿಫಿಲಿಸ್‌ನಂತಹ ಗುಣವಾಗುವ ರೋಗದ ಇಳಿಕೆಯೇ ವರ್ತನೆ ಬದಲಾದುದಕ್ಕೆ ಹೆಚ್ಚು ನಂಬಬಹುದಾದ ಸಾಕ್ಷಿ. ಆವಾಹನ್ ಮೊದಲ ಐದು ವರ್ಷಗಳಲ್ಲಿ ಆರು ರಾಜ್ಯಗಳಲ್ಲಿ ಸುಮಾರು 1 ಲಕ್ಷ ಸೋಂಕುಗಳನ್ನು ತಪ್ಪಿಸಿರಬಹುದು ಎಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ಇದು ಸಾಧ್ಯವಾದದ್ದು ಭಿತ್ತಿಪತ್ರಗಳಿಂದಲ್ಲ. ವೃತ್ತಿಯಲ್ಲಿದ್ದ ಮಹಿಳೆಯರೇ ಸಮಾನ ಶಿಕ್ಷಕಿಯರಾಗಿ ತಮ್ಮ ಜೊತೆಯವರನ್ನು ಬಸ್ ನಿಲ್ದಾಣದಲ್ಲಿ, ಚಿತ್ರಮಂದಿರದ ಬಳಿ, ಲಾಡ್ಜುಗಳ ಬೀದಿಯಲ್ಲಿ ಕಂಡು ಮಾತನಾಡಿದರು. ಕಾಂಡೋಮ್ ಕೊಟ್ಟರು, ಚಿಕಿತ್ಸಾಲಯಕ್ಕೆ ಕರೆದೊಯ್ದರು. ಅವರ ಮೊದಲ ಬೇಡಿಕೆ ಕಾಂಡೋಮ್ ಆಗಿರಲಿಲ್ಲ ಎಂಬುದು ಕುತೂಹಲಕರ. ಪೊಲೀಸರ ಹೊಡೆತ, ಗೂಂಡಾಗಳ ಕಾಟ, ಮಕ್ಕಳ ಶಾಲೆ ಇವು ಮೊದಲಿದ್ದವು. ರಾಜ್ಯದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 11 ಮಹಿಳೆಯರು ಹಿಂದಿನ ಒಂದು ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರಕ್ಕೆ ಗುರಿಯಾಗಿದ್ದಾಗಿ ತಿಳಿಸಿದ್ದರು. ಹಿಂಸೆಗೆ ಒಳಗಾದವಳು ಗಿರಾಕಿಯೊಂದಿಗೆ ಕಾಂಡೋಮ್‌ಗಾಗಿ ವಾದ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಚೀಲದಲ್ಲಿ ಕಾಂಡೋಮ್ ಸಿಕ್ಕಿದರೆ ಅದನ್ನೇ ಸಾಕ್ಷಿಯೆಂದು ಹಿಡಿಯುವ ಪರಿಪಾಠವೂ ಇತ್ತು. ಆರೋಗ್ಯ ಇಲಾಖೆ ಬಲಗೈಯಲ್ಲಿ ಹಂಚಿದ್ದನ್ನು ಗೃಹ ಇಲಾಖೆ ಎಡಗೈಯಲ್ಲಿ ಕಸಿದುಕೊಳ್ಳುತ್ತಿತ್ತು. ಕಾಂಡೋಮ್ ಬಳಕೆಯನ್ನು ಅಪರಾಧದ ಪುರಾವೆಯಾಗಿ ಪರಿಗಣಿಸಕೂಡದು ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2022ರ ಮೇ ತಿಂಗಳಿನಲ್ಲಿ. ಅಷ್ಟು ಹೊತ್ತಿಗೆ ದೇಶದಲ್ಲಿ ಮೊದಲ ಪ್ರಕರಣ ಪತ್ತೆಯಾಗಿ 36 ವರ್ಷಗಳಾಗಿದ್ದವು.

ಈಗ ಸವಾಲಿನ ಸ್ವರೂಪ ಬೇರೆಯಾಗಿದೆ. ಬಸ್ ನಿಲ್ದಾಣದಲ್ಲಿ ಕಾಣುತ್ತಿದ್ದ ವ್ಯವಹಾರ ಮೊಬೈಲ್ ಫೋನಿಗೆ ಸರಿದಿದೆ. ಪುರುಷರ ನಡುವಿನ ಸಂಪರ್ಕಗಳಂತೂ ಬಹುಪಾಲು ಆ್ಯಪ್‌ಗಳ ಮೂಲಕವೇ ನಡೆಯುತ್ತವೆ. ನಿರ್ದಿಷ್ಟ ಸ್ಥಳಕ್ಕೆ ಹೋಗಿ ನಿರ್ದಿಷ್ಟ ವ್ಯಕ್ತಿಯನ್ನು ಭೇಟಿಯಾಗುವ ಕಾರ್ಯಕರ್ತರಿಗೆ ಈಗ ಸ್ಥಳವೇ ಇಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೆಯ ಕಲಮಿನ ಭಾಗ 2018ರ ಸೆಪ್ಟೆಂಬರ್ 6ರಂದು ರದ್ದಾಯಿತಾದರೂ ಶಿವಮೊಗ್ಗದಂತಹ ಊರಿನಲ್ಲಿ ಒಬ್ಬ ಯುವಕ ವೈದ್ಯರ ಮುಂದೆ ಕುಳಿತು ನಿಜ ಹೇಳುವ ವಾತಾವರಣ ಬಂದಿದೆ ಎನ್ನಲಾಗದು.

ಕಾರ್ಖಾನೆ, ಹೆದ್ದಾರಿ, ಮನೆ

ಭದ್ರಾವತಿಯ ಹೆಸರು ಕೇಳಿದೊಡನೆ ನೆನಪಾಗುವುದು ಎರಡು ಕಾರ್ಖಾನೆಗಳು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1998ರಲ್ಲಿ ಉಕ್ಕು ಪ್ರಾಧಿಕಾರದೊಂದಿಗೆ ವಿಲೀನವಾಯಿತು. 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಹೋರಾಟದ ನಂತರ ಅದೇ ವರ್ಷ ಆಗಸ್ಟ್‌ನಲ್ಲಿ ಭಾಗಶಃ ಕೆಲಸ ಮತ್ತೆ ಶುರುವಾಯಿತು. ಊರಿನಲ್ಲಿ ಕೆಲಸ ಕಡಿಮೆಯಾದಾಗ ಗಂಡಸರು ಬೆಂಗಳೂರು, ಮಂಗಳೂರು, ಗೋವೆಗಳ ಕಡೆ ಹೊರಡುತ್ತಾರೆ. ವಲಸೆ ಹೋಗುವವರನ್ನು ಮತ್ತು ದೂರದ ಲಾರಿ ಚಾಲಕರನ್ನು ನ್ಯಾಕೋ 'ಸೇತು ಸಮುದಾಯ' ಎಂದು ಕರೆಯುತ್ತದೆ. ಹೆಚ್ಚು ಸೋಂಕಿನ ಗುಂಪಿಗೂ ಮನೆಯಲ್ಲಿರುವ ಹೆಂಡತಿಗೂ ನಡುವಿನ ಸೇತುವೆ ಎಂಬ ಅರ್ಥದಲ್ಲಿ. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ, ಹಿಂದೆ 206 ಎಂಬ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ ಈ ಎರಡೂ ಊರುಗಳ ನಡುವೆಯೇ ಹಾದುಹೋಗುತ್ತದೆ.

ಇದನ್ನು ಬರೆಯುವಾಗ ಒಂದು ಎಚ್ಚರಿಕೆ ಅಗತ್ಯ. ಲಾರಿ ಚಾಲಕ ಎಂದೊಡನೆ, ವಲಸೆ ಕಾರ್ಮಿಕ ಎಂದೊಡನೆ ಸೋಂಕಿತ ಎಂಬ ತೀರ್ಮಾನಕ್ಕೆ ಬರುವುದು ಅವಿವೇಕ. ಎರಡು ದಶಕಗಳ ಪ್ರಚಾರದ ಅಡ್ಡಪರಿಣಾಮವಾಗಿ, ಎಚ್‌ಐವಿ 'ಅಂಥವರ' ರೋಗ, ನಮ್ಮದಲ್ಲ ಎಂಬ ಭಾವನೆ ಮಧ್ಯಮವರ್ಗದಲ್ಲಿ ಗಟ್ಟಿಯಾಗಿ ಬೇರೂರಿದೆ. ಫಲವಾಗಿ ಮಧ್ಯಮವರ್ಗದ ಸೋಂಕಿತರು ಪತ್ತೆಯಾಗುವುದೇ ತಡವಾಗಿ. ಕ್ಷಯವೋ ತೂಕನಷ್ಟವೋ ಕಾಣಿಸಿಕೊಂಡು, ಮೂರು ನಾಲ್ಕು ಖಾಸಗಿ ವೈದ್ಯರನ್ನು ಸುತ್ತಿ, ಕೊನೆಗೆ ಯಾರೋ ಒಬ್ಬರು ರಕ್ತಪರೀಕ್ಷೆ ಬರೆದುಕೊಟ್ಟಾಗ.

ಕರ್ನಾಟಕದಲ್ಲಿ ಬಹುಪಾಲು ಸೋಂಕು ಹರಡಿದ್ದು ಗಂಡು ಹೆಣ್ಣಿನ ಸಂಪರ್ಕದಿಂದ. ಸೋಂಕಿತ ಮಹಿಳೆಯರಲ್ಲಿ ಅನೇಕರು ಗಂಡನೊಬ್ಬನನ್ನು ಬಿಟ್ಟು ಬೇರಾರ ಸಂಪರ್ಕವನ್ನೂ ಹೊಂದದವರು. ಗರ್ಭಿಣಿಯಾಗಿ ತಪಾಸಣೆಗೆ ಹೋದಾಗ ಆಕೆಯ ಸೋಂಕು ಮೊದಲು ತಿಳಿಯುತ್ತದೆ. ಗಂಡನ ಪರೀಕ್ಷೆ ಆಮೇಲೆ. ಹೀಗಾಗಿ ಮನೆಗೆ ರೋಗ ತಂದವಳು ಸೊಸೆ ಎಂಬ ಆರೋಪ ಆಕೆಯ ಮೇಲೆಯೇ ಬರುತ್ತದೆ. ಗಂಡ ತೀರಿಕೊಂಡರೆ ಆಸ್ತಿಯ ಪಾಲು ಕೊಡದೆ ತವರಿಗೆ ಅಟ್ಟುವುದು ಸಾಮಾನ್ಯ. ಪರೀಕ್ಷೆಯ ಕ್ರಮಸಂಖ್ಯೆಯನ್ನೇ ಪಾಪದ ಕ್ರಮಸಂಖ್ಯೆಯೆಂದು ಭಾವಿಸುವ ಈ ತರ್ಕಕ್ಕೆ ಓದುಬರಹ ಬಲ್ಲ ಮನೆಗಳೂ ಹೊರತಲ್ಲ.

ನಮ್ಮ ಪಾಲಿನ ತಪ್ಪು

ಈ ವಿಷಯದಲ್ಲಿ ಪತ್ರಕರ್ತರು ಇತರರಿಗೆ ಬುದ್ಧಿ ಹೇಳುವ ಮೊದಲು ತಮ್ಮ ಕಡತ ತೆರೆದು ನೋಡಿಕೊಳ್ಳಬೇಕು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವೃತ್ತಿಗೆ ಬಂದ ಮೊದಲ ವರ್ಷ ನಾನೊಂದು ಸುದ್ದಿ ಬರೆದಿದ್ದೆ. ಹಳ್ಳಿಯೊಂದರಲ್ಲಿ ಏಡ್ಸ್‌ನಿಂದ ತೀರಿಕೊಂಡ ವ್ಯಕ್ತಿಯ ಶವಸಂಸ್ಕಾರಕ್ಕೆ ಜನ ಬಾರದೆ, ಮನೆಯವರೇ ಒದ್ದಾಡಿದ ಕರುಣಾಜನಕ ಕಥೆ. ಹೆಸರು ಹಾಕಿರಲಿಲ್ಲ. ಆದರೆ ಊರಿನ ಹೆಸರಿತ್ತು, ಕಸುಬಿತ್ತು, ಮಕ್ಕಳೆಷ್ಟು ಎಂದಿತ್ತು, ಮನೆ ಯಾವ ಗುಡಿಯ ಹಿಂದೆ ಎಂಬುದೂ ಇತ್ತು. ಒಳ್ಳೆಯ ವರದಿ ಎಂದು ಹಿರಿಯರು ಬೆನ್ನು ತಟ್ಟಿದರು. ವಾರದ ನಂತರ ಕಚೇರಿಯ ಫೋನಿಗೆ ಆ ಮನೆಯ ಹೆಣ್ಣುಮಗಳ ಕರೆ ಬಂತು. ಬೈಯಲಿಲ್ಲ. ಮಗಳನ್ನು ಶಾಲೆ ಬಿಡಿಸಿ ಅಕ್ಕನ ಊರಿಗೆ ಕಳಿಸಿದ್ದೇನೆ ಎಂದಷ್ಟೇ ಹೇಳಿ ಫೋನಿಟ್ಟರು. ಅದಕ್ಕೆ ತಿದ್ದುಪಡಿ ಹಾಕಲು ಬರುವುದಿಲ್ಲ. 'ಮಹಾಮಾರಿ', 'ಮರಣಮೃದಂಗ' ಎಂಬ ಶೀರ್ಷಿಕೆಗಳನ್ನು ಆ ಕಾಲದಲ್ಲಿ ನಾವೆಲ್ಲರೂ ಕೊಟ್ಟಿದ್ದೇವೆ. ಭಯ ಹುಟ್ಟಿಸಿದರೆ ಜನ ಎಚ್ಚರವಾಗುತ್ತಾರೆ ಎಂಬುದು ನಮ್ಮ ನಂಬಿಕೆ. ಜನ ಎಚ್ಚರವಾದದ್ದು ರೋಗದ ಬಗ್ಗೆ ಅಲ್ಲ, ರೋಗಿಯ ಬಗ್ಗೆ.

ನೆರೆಯ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಇಬ್ಬರು ಸೋಂಕಿತ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟ ಪ್ರಕರಣ 2003ರಲ್ಲಿ ದೇಶದ ಗಮನ ಸೆಳೆದಿತ್ತು. ಸಾಕ್ಷರತೆಗೆ ಹೆಸರಾದ ರಾಜ್ಯದಲ್ಲಿಯೇ ಹೀಗಾಯಿತು. ನಮ್ಮಲ್ಲಿ ಶಾಲೆಗಳ ಇನ್ನೊಂದು ಬಗೆಯ ಹಿಂಜರಿಕೆ ಕಂಡಿತು. ಹದಿಹರೆಯದವರಿಗಾಗಿ ಕೇಂದ್ರ ರೂಪಿಸಿದ್ದ ಲೈಂಗಿಕ ಆರೋಗ್ಯ ಶಿಕ್ಷಣದ ಪಾಠಗಳನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಸಂಸ್ಕೃತಿಗೆ ವಿರುದ್ಧವೆಂದು ತಡೆಹಿಡಿದವು. ಆಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಪಾಠ ನಿಂತರೂ ಕುತೂಹಲ ನಿಲ್ಲಲಿಲ್ಲ; ಅದನ್ನು ತಣಿಸುವ ಕೆಲಸವನ್ನು ಶಾಲೆಯ ಬದಲು ಮೊಬೈಲ್ ಫೋನು ವಹಿಸಿಕೊಂಡಿತು.

ಮಾತ್ರೆಯೇ ತಡೆಗೋಡೆ

ತಡೆಗಟ್ಟುವ ಮಾರ್ಗಗಳೆಂದರೆ ಕಾಂಡೋಮ್, ಪರೀಕ್ಷಿಸಿದ ರಕ್ತ, ಹೊಸ ಸೂಜಿ ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠ. ಅವು ಇಂದಿಗೂ ಅಗತ್ಯ. ಆದರೆ ಕಳೆದ ಹದಿನೈದು ವರ್ಷಗಳ ಅತಿ ಮುಖ್ಯ ಸಂಶೋಧನೆ ಸಾರ್ವಜನಿಕರನ್ನು ಇನ್ನೂ ತಲುಪಿಲ್ಲ. ಚಿಕಿತ್ಸೆಯೇ ತಡೆ ಎಂಬುದು ಅದರ ಸಾರ.

2011ರಲ್ಲಿ ಒಂಬತ್ತು ದೇಶಗಳ 1,763 ದಂಪತಿಗಳನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶ ಹೊರಬಂತು. ಚೆನ್ನೈ ಮತ್ತು ಪುಣೆ ನಗರಗಳೂ ಅದರಲ್ಲಿದ್ದವು. ದಂಪತಿಗಳಲ್ಲಿ ಒಬ್ಬರಿಗೆ ಸೋಂಕು, ಇನ್ನೊಬ್ಬರಿಗಿಲ್ಲ. ಸೋಂಕಿತರಿಗೆ ಬೇಗನೆ ಚಿಕಿತ್ಸೆ ಆರಂಭಿಸಿದಾಗ ಸಂಗಾತಿಗೆ ಹರಡುವಿಕೆ ಶೇ. 96ರಷ್ಟು ತಗ್ಗಿತು. ಅನಂತರದ ಅಧ್ಯಯನಗಳು ಇನ್ನೂ ಮುಂದೆ ಹೋಗಿ, ಮಾತ್ರೆ ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದನ್ನು ದೃಢಪಡಿಸಿದವು. ಅಂದರೆ ಸೋಂಕು ಗೊತ್ತಿದ್ದು ಚಿಕಿತ್ಸೆ ಪಡೆಯುತ್ತಿರುವವರಿಗಿಂತ, ಸೋಂಕಿದ್ದೂ ಗೊತ್ತಿಲ್ಲದವರಿಂದಲೇ ಹೆಚ್ಚು ಅಪಾಯ. ನೆರೆಮನೆಯ ಸೋಂಕಿತನನ್ನು ಕಂಡು ದೂರ ಸರಿಯುವವರು ಈ ಸರಳ ಲೆಕ್ಕವನ್ನು ತಿಳಿಯಬೇಕು.

ಚಿಕಿತ್ಸೆ ಇಲ್ಲಿಯವರೆಗೆ ಬಂದ ಹಾದಿಯೂ ಸ್ವಾರಸ್ಯಕರವಾಗಿದೆ. 2000ದ ಆಸುಪಾಸಿನಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಒಬ್ಬ ರೋಗಿಯ ವಾರ್ಷಿಕ ಔಷಧ ವೆಚ್ಚ 10 ಸಾವಿರ ಡಾಲರುಗಳಷ್ಟಿತ್ತು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧಿಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿ ಜಗತ್ತನ್ನು ಬೆರಗುಗೊಳಿಸಿತು. ಆಫ್ರಿಕಾದ ಲಕ್ಷಾಂತರ ಜನ ಬದುಕಿದ್ದು ಭಾರತದ ಔಷಧಿಯಿಂದ. ಭಾರತದ ರೋಗಿಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ಸಿಗಲು ಆರಂಭವಾದದ್ದು ಮೂರು ವರ್ಷಗಳ ನಂತರ, 2004ರ ಏಪ್ರಿಲ್‌ನಲ್ಲಿ, ಅದೂ ಎಂಟೇ ಕೇಂದ್ರಗಳಲ್ಲಿ. ರಾಜ್ಯದಲ್ಲಿ ಆಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೇ ಗತಿ. ಮೊದಲು ರೋಗನಿರೋಧಕ ಶಕ್ತಿ ಸೂಚಿಸುವ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದ ಮೇಲೆಯೇ ಮಾತ್ರೆ ಕೊಡುತ್ತಿದ್ದರು. ಒಂದರ್ಥದಲ್ಲಿ ರೋಗಿ ಸಾಕಷ್ಟು ಕ್ಷೀಣಿಸುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ದೃಢಪಟ್ಟ ಕೂಡಲೇ ಚಿಕಿತ್ಸೆ ಎಂಬ ನೀತಿ ಜಾರಿಯಾಯಿತು. 2020ರಿಂದ ಡೊಲುಟೆಗ್ರಾವಿರ್ ಒಳಗೊಂಡ, ದಿನಕ್ಕೊಂದೇ ಮಾತ್ರೆಯ, ಅಡ್ಡಪರಿಣಾಮ ಕಡಿಮೆಯಿರುವ ಸಂಯೋಜನೆ ಬಂದಿದೆ.

ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯುವಲ್ಲಿಯೂ ಇದೇ ಮಾತ್ರೆಯ ಕೆಲಸ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಶೇ. 15ರಿಂದ 45ರಷ್ಟು ಶಿಶುಗಳಿಗೆ ಸೋಂಕು ತಗಲುತ್ತದೆ. ತಾಯಿಗೆ ಗರ್ಭಾವಸ್ಥೆಯಲ್ಲೇ ಚಿಕಿತ್ಸೆ ಸಿಕ್ಕು, ಎದೆಹಾಲೂಡಿಸುವ ಅವಧಿಯಲ್ಲಿಯೂ ಅದು ಮುಂದುವರಿದರೆ ಈ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಗರ್ಭಿಣಿಯರ ಪರೀಕ್ಷೆಯನ್ನು ಮೊದಲ ಮೂರು ತಿಂಗಳಲ್ಲೇ ಮಾಡಿಸುವುದು ಮುಖ್ಯ. ಹೆರಿಗೆ ನೋವು ಶುರುವಾದ ಮೇಲೆ ನರ್ಸಿಂಗ್ ಹೋಮಿಗೆ ಬಂದು, ಅಲ್ಲಿ ಪರೀಕ್ಷೆಯಾಗಿ, ಸೋಂಕು ಕಂಡೊಡನೆ 'ದೊಡ್ಡಾಸ್ಪತ್ರೆಗೆ ಹೋಗಿ' ಎಂದು ಕಳಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅದು ಕಾನೂನುಬಾಹಿರ.

ಅಪಾಯಕಾರಿ ಸಂಪರ್ಕವೋ ಸೂಜಿ ಚುಚ್ಚಿಕೊಂಡ ಅವಘಡವೋ ಆದಲ್ಲಿ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸುವ ತಡೆ ಚಿಕಿತ್ಸೆಯೂ ಇದೆ. ಸೋಂಕಿನ ಅಪಾಯ ಹೆಚ್ಚಿರುವವರು ಮುಂಚಿತವಾಗಿಯೇ ಸೇವಿಸುವ ಮಾತ್ರೆ ಖಾಸಗಿ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಲೆನಾಕಪಾವಿರ್ ಎಂಬ ಔಷಧಿಗೆ ಅಮೆರಿಕ 2025ರ ಜೂನ್‌ನಲ್ಲಿ ತಡೆ ಚಿಕಿತ್ಸೆಯಾಗಿ ಅನುಮತಿ ನೀಡಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಎರಡು ಕಂಪನಿಗಳ ಸಹಭಾಗಿತ್ವದಲ್ಲಿ, 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಇದನ್ನು ಬಡ ದೇಶಗಳಿಗೆ ಒದಗಿಸುವ ಒಪ್ಪಂದಗಳು ಪ್ರಕಟವಾದವು. 2001ರ ಕಥೆ ಮತ್ತೆ ನಡೆಯುತ್ತಿದೆ. ನಮ್ಮದೇ ನೆರೆಯಲ್ಲಿ ತಯಾರಾಗುವ ಔಷಧಿ ನಮ್ಮ ಜಿಲ್ಲಾಸ್ಪತ್ರೆಗೆ ಎಂದು ಬರುವುದೆಂಬ ಪ್ರಶ್ನೆಯೂ ಹಳೆಯದೇ.

ಉಚಿತ ಎಂಬ ಮಾತ್ರಕ್ಕೆ ಮಾತ್ರೆ ಸದಾ ಸಿಗುತ್ತದೆ ಎಂದೂ ಅಲ್ಲ. 2022ರ ಜುಲೈನಲ್ಲಿ ದಾಸ್ತಾನು ಕೊರತೆಯನ್ನು ಖಂಡಿಸಿ ಸೋಂಕಿತರು ದೆಹಲಿಯ ನ್ಯಾಕೋ ಕಚೇರಿಯ ಮುಂದೆ ಆರು ವಾರ ಧರಣಿ ಕುಳಿತಿದ್ದರು. ಕೆಲವು ದಿನ ಮಾತ್ರೆ ತಪ್ಪಿದರೂ ವೈರಾಣು ಮತ್ತೆ ಏರುತ್ತದೆ, ಔಷಧಿಗೆ ಬಗ್ಗದಂತೆ ರೂಪಾಂತರವೂ ಹೊಂದಬಹುದು. ಭದ್ರಾವತಿಯ ದಿನಗೂಲಿ ಕಾರ್ಮಿಕನೊಬ್ಬ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದಾಗ ಹತ್ತು ದಿನದ ಮಾತ್ರೆಯಷ್ಟೇ ಕೈಗಿತ್ತು ಮತ್ತೆ ಬರಹೇಳಿದರೆ, ಆತ ಎಷ್ಟು ಸಲ ಬಂದಾನು?

ಕಾನೂನು ಇದೆ, ಗೊತ್ತಿರುವವರಿಲ್ಲ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆ, ವಿಮೆ ಇವುಗಳಲ್ಲಿ ತಾರತಮ್ಯವನ್ನು ಅದು ನಿಷೇಧಿಸುತ್ತದೆ. ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಹಿರಂಗಪಡಿಸುವಂತಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು, ಆಸ್ಪತ್ರೆಗಳಾದರೆ 20 ಮಂದಿಯಿದ್ದರೂ, ದೂರು ಅಧಿಕಾರಿಯನ್ನು ನೇಮಿಸಬೇಕು. ರಾಜ್ಯಕ್ಕೆ ಒಂಬುಡ್ಸ್‌ಮನ್ ಇರಬೇಕು. ತಂದೆತಾಯಿ ಇಲ್ಲದ ಮನೆಯಲ್ಲಿ 12ರಿಂದ 18ರ ನಡುವಿನ ಅಕ್ಕನೋ ಅಣ್ಣನೋ ಸಾಕಷ್ಟು ತಿಳಿವಳಿಕೆ ಉಳ್ಳವರಾಗಿದ್ದರೆ ಕಿರಿಯರ ಶಾಲಾ ಪ್ರವೇಶ, ಬ್ಯಾಂಕ್ ಖಾತೆ, ಚಿಕಿತ್ಸೆಗಳಿಗೆ ಪಾಲಕರಾಗಿ ಸಹಿ ಹಾಕಬಹುದು ಎಂಬ ಕಲಮೂ ಇದರಲ್ಲಿದೆ. ಕಾಯಿದೆ ಬರೆದವರು ಇಂತಹ ಮನೆಗಳನ್ನು ಕಣ್ಣಾರೆ ಕಂಡಿರಲೇಬೇಕು ಎನಿಸುತ್ತದೆ.

ಓದುಗರು ತಮ್ಮ ಕಚೇರಿಯ ಅಥವಾ ತಾವು ಹೋಗುವ ನರ್ಸಿಂಗ್ ಹೋಮಿನ ಗೋಡೆಯ ಮೇಲೆ ದೂರು ಅಧಿಕಾರಿಯ ಹೆಸರನ್ನು ಕಂಡಿದ್ದಾರೆಯೇ? ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ತಪಾಸಣೆಯ ಹೆಸರಿನಲ್ಲಿ ಹೇಳದೆ ಕೇಳದೆ ಎಚ್‌ಐವಿ ಪರೀಕ್ಷೆ ನಡೆದರೆ, ಶಸ್ತ್ರಚಿಕಿತ್ಸೆಗೆ ಮುನ್ನ ಸೋಂಕು ಕಂಡು 'ಉಪಕರಣ ಕೆಟ್ಟಿದೆ' ಎಂದು ವಾಪಸು ಕಳಿಸಿದರೆ, ಸೋಂಕಿತ ವ್ಯಕ್ತಿ ದೂರು ಕೊಡುವುದು ತನ್ನ ಗುಟ್ಟನ್ನು ತಾನೇ ಹೊರಗೆಡಹಿದಂತೆ ಎಂದು ಸುಮ್ಮನಾಗುತ್ತಾನೆ. ವಿಚಾರಣೆಯಲ್ಲಿ ಗುರುತು ಮರೆಮಾಚಲು ಕಾಯಿದೆಯಲ್ಲಿಯೇ ಅವಕಾಶವಿದೆ ಎಂಬುದು ಆತನಿಗೆ ತಿಳಿಸುವವರಿಲ್ಲ.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಸೋಂಕಿತ ಮಹಿಳೆಯರಿಗೆ 'ಧನಶ್ರೀ', ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರಿಗೆ 'ಚೇತನ' ಎಂಬ ನೆರವಿನ ಯೋಜನೆಗಳನ್ನು ರೂಪಿಸಲಾಗಿದೆ. ಆದರೆ ಅರ್ಜಿ ಸಲ್ಲಿಸಲು ಮೇಜಿನಿಂದ ಮೇಜಿಗೆ ಹೋಗಿ ತಾನು ಯಾರೆಂದು ಹೇಳಿಕೊಳ್ಳಬೇಕು. ಯೋಜನೆಯ ಹೆಸರೇ ಅರ್ಜಿದಾರಳ ರೋಗದ ಹೆಸರಾದಾಗ ಅದನ್ನು ಬೇಡವೆನ್ನುವವರು ಇರುವುದು ಸಹಜ. ಇದೇ ನೆರವನ್ನು ವಿಧವಾ ವೇತನದಂತಹ ಸಾಮಾನ್ಯ ಯೋಜನೆಗಳ ಜೊತೆ ಬೆರೆಸಿ ಕೊಡುವುದು ಲೇಸು ಎಂಬುದು ಈ ವರದಿಗಾರನ ಅಭಿಪ್ರಾಯ. ಎಆರ್‌ಟಿ ಕೇಂದ್ರದ ಬಗೆಗೂ ಅದೇ ಮಾತು. ರಕ್ತದೊತ್ತಡ, ಮಧುಮೇಹದ ಮಾತ್ರೆ ಕೊಡುವ ಕಿಟಕಿಯಲ್ಲೇ, ಅದೇ ಬಗೆಯ ಡಬ್ಬಿಯಲ್ಲಿ, ಒಮ್ಮೆಗೆ ಮೂರು ತಿಂಗಳಿಗಾಗುವಷ್ಟು ಇದನ್ನೂ ಕೊಟ್ಟರೆ ಚೀಟಿ ಕೀಳುವ, ಹತ್ತಿ ತುರುಕುವ ಪ್ರಮೇಯವೇ ಬರುವುದಿಲ್ಲ.

ಎಚ್‌ಐವಿ ಪರೀಕ್ಷೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಹಾಗೂ ತಾಲ್ಲೂಕು ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ಉಚಿತವಾಗಿ ನಡೆಯುತ್ತದೆ. ಪರೀಕ್ಷೆಗೆ ಮೊದಲೂ ನಂತರವೂ ಸಮಾಲೋಚಕರು ಪ್ರತ್ಯೇಕವಾಗಿ ಕೂರಿಸಿ ಮಾತನಾಡುತ್ತಾರೆ. ಸೋಂಕು ತಗಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣದಿರಬಹುದಾದ್ದರಿಂದ, ಶಂಕೆ ಇದ್ದವರು ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿಕೊಳ್ಳಬೇಕು. ಮಾಹಿತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1097. ಕರೆ ಮಾಡಿದವರು ಹೆಸರು ಹೇಳಬೇಕಾಗಿಲ್ಲ.